ಮೊದಲು ಎಲ್ಲಿ ನೋಡಿದ್ರಿ?

ನಮ್ಮ ಬಾಗಲಕೋಟೆ ಕಡೆ ಯಾವುದೇ ಗಂಡ-ಹೆಂಡತಿಗೆ ಈ ಪ್ರಶ್ನೆ ಕೇಳಿ ನೋಡಿ. ಕಾಲೇಜಿನಲ್ಲಿ ಅಂತಾರೆ, ಬಸ್ಸಿನಲ್ಲಿ ಅಂತಾರೆ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ಅಂತಾರೆ. ಇಲ್ಲವೇ "ನೋಡೂದೇನ್ರೀ, ಇವ್ರು ನಮ್ಮ ಅತ್ತಿ ಮಗ" ಎಂದು ನಗುತ್ತಾರೆ. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಋಣಾನುಬಂಧಕ್ಕೆ. ನನಗೆ ಆ ಮಾತು ಇಷ್ಟ. ಆದರೆ ಇಬ್ಬರ ಋಣ ಕೂಡಬೇಕಾದರೆ ಮೊದಲು ಇಬ್ಬರ ದಾರಿ ಕೂಡಬೇಕು, ಅಲ್ವಾ? ಆ ದಾರಿಯ ಲೆಕ್ಕವನ್ನು ಸಮಾಜ ವಿಜ್ಞಾನಿಗಳು ತೊಂಬತ್ತು ವರ್ಷಕ್ಕೂ ಹಿಂದೆಯೇ ಹಾಕಲು ಶುರು ಮಾಡಿದರು.

ಜೇಮ್ಸ್ ಬೊಸಾರ್ಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಫಿಲಡೆಲ್ಫಿಯಾ ನಗರದಲ್ಲಿ ಮದುವೆಗೆ ಪರವಾನಗಿ ಪಡೆದ 5,000 ಜೋಡಿಗಳ ವಿಳಾಸ ತೆಗೆದುಕೊಂಡು, ಮದುವೆಗೆ ಮುಂಚೆ ಹುಡುಗನ ಮನೆಗೂ ಹುಡುಗಿಯ ಮನೆಗೂ ಎಷ್ಟು ದೂರವಿತ್ತು ಎಂದು ಅಳೆದ. 1932ರಲ್ಲಿ ಅದು ಪ್ರಕಟವಾಯಿತು. ಮೂರರಲ್ಲಿ ಒಂದು ಜೋಡಿಯ ಮನೆಗಳು ಐದು ಬ್ಲಾಕ್ ಒಳಗೇ ಇದ್ದವು. ನಮ್ಮ ಲೆಕ್ಕದಲ್ಲಿ ನಾಲ್ಕೈದು ಓಣಿ ಆಚೆ. ಅಷ್ಟು ದೊಡ್ಡ ನಗರ, ಲಕ್ಷಾಂತರ ಹುಡುಗ ಹುಡುಗಿಯರು, ಆದರೂ ಮನಸ್ಸು ಕೂಡಿದ್ದು ಪಕ್ಕದ ಓಣಿಯಲ್ಲೇ.

ಹತ್ತಿರ ಇದ್ದರೆ ಯಾಕೆ ಇಷ್ಟವಾಗುತ್ತಾರೆ? 1968ರಲ್ಲಿ ರಾಬರ್ಟ್ ಝಾಯಾಂಕ್ ಎಂಬ ಮನೋವಿಜ್ಞಾನಿ ಒಂದು ಸರಳ ಉತ್ತರ ಕೊಟ್ಟ: ಪದೇ ಪದೇ ಕಣ್ಣಿಗೆ ಬಿದ್ದದ್ದು ಸುಮ್ನೆ ಹಿಡಿಸತೊಡಗುತ್ತದೆ. ಅದನ್ನು ಮನುಷ್ಯರ ಮೇಲೆಯೇ ಚಂದ ಮಾಡಿ ತೋರಿಸಿದ್ದು 1992ರ ಒಂದು ಪ್ರಯೋಗ. ನೋಡಲು ಹೆಚ್ಚು ಕಡಿಮೆ ಒಂದೇ ಥರ ಇದ್ದ ನಾಲ್ವರು ಯುವತಿಯರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಒಂದು ದೊಡ್ಡ ತರಗತಿಗೆ ಒಬ್ಬಳು ಐದು ಸಲ ಬಂದಳು, ಇನ್ನೊಬ್ಬಳು ಹತ್ತು ಸಲ, ಮತ್ತೊಬ್ಬಳು ಹದಿನೈದು ಸಲ. ನಾಲ್ಕನೆಯವಳು ಬರಲೇ ಇಲ್ಲ. ಬಂದವರು ಯಾರ ಜೊತೆಗೂ ಮಾತಾಡಲಿಲ್ಲ, ಕೂತು ಎದ್ದು ಹೋದರು. ಸೆಮಿಸ್ಟರ್ ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ನಾಲ್ವರ ಫೋಟೋ ತೋರಿಸಿದರೆ, ಹೆಚ್ಚು ಸಲ ಬಂದವಳೇ ಹೆಚ್ಚು ಚೆಲುವೆಯಾಗಿ ಕಂಡಳು. ಆದರೆ ಅವಳನ್ನು ತರಗತಿಯಲ್ಲಿ ನೋಡಿದ್ದೇವೆ ಎಂಬ ನೆನಪು ಹೆಚ್ಚಿನವರಿಗೆ ಇರಲೇ ಇಲ್ಲ!

ಗುಳೇದಗುಡ್ಡದಿಂದ ಬಾಗಲಕೋಟೆಗೆ ಬರುವ ಬೆಳಗಿನ ಬಸ್ಸನ್ನು ನೆನೆಸಿಕೊಳ್ಳಿ. ಅದೇ ಪಾಸು, ಅದೇ ಕಂಬಿ, ಮೂರನೇ ಸೀಟಿನಲ್ಲಿ ಅದೇ ಹುಡುಗಿ. ಮೂರು ವರ್ಷ. ಮೊದಲ ನೋಟದ ಪ್ರೀತಿ ಎಂದು ನಾವು ಕರೆಯುವುದು ಎಷ್ಟೋ ಸಲ ನೂರನೇ ನೋಟದ್ದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹಾಗಂತ ಹತ್ತಿರ ಇದ್ದವರೆಲ್ಲ ಹಿಡಿಸುವುದಿಲ್ಲ. ಮೊದಲೇ ಕಂಡರಾಗದವರನ್ನು ದಿನಾ ನೋಡಿದರೆ ಸಿಟ್ಟೇ ಜಾಸ್ತಿ. ಜಗಳವೂ ಪಕ್ಕದ ಮನೆಯವರ ಜೊತೆಗೇ ಆಗುತ್ತದೆ.

ಹತ್ತಿರಕ್ಕೂ ಒಂದು ಮಿತಿ ಇದೆ. ಎಡ್ವರ್ಡ್ ವೆಸ್ಟರ್‌ಮಾರ್ಕ್ ಎಂಬ ಫಿನ್‌ಲೆಂಡಿನ ಸಮಾಜಶಾಸ್ತ್ರಜ್ಞ 1891ರಲ್ಲೇ ಹೇಳಿದ್ದ: ಎಳೆ ವಯಸ್ಸಿನಿಂದ ಒಂದೇ ಮನೆಯಲ್ಲಿ ಬೆಳೆದವರಿಗೆ ಒಬ್ಬರ ಮೇಲೊಬ್ಬರಿಗೆ ಆ ಥರದ ಆಸೆ ಹುಟ್ಟುವುದಿಲ್ಲ. ಇಸ್ರೇಲಿನ ಕಿಬುಟ್ಸ್ ಎಂಬ ಸಾಮೂಹಿಕ ಊರುಗಳಲ್ಲಿ ಮಕ್ಕಳನ್ನೆಲ್ಲ ಒಟ್ಟಿಗೆ ಬೆಳೆಸುತ್ತಿದ್ದರು. ಅಲ್ಲಿ ಬೆಳೆದವರ 2,769 ಮದುವೆಗಳನ್ನು ಜೋಸೆಫ್ ಶೆಫರ್ ಎಂಬ ಸಂಶೋಧಕ ಪರಿಶೀಲಿಸಿದಾಗ, ಒಂದೇ ಗುಂಪಿನಲ್ಲಿ ಬೆಳೆದವರು ಮದುವೆಯಾಗಿದ್ದು ನೂರಕ್ಕೆ ಒಂದೂ ಇರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ.

ಈಗ ನಮ್ಮ ಮನೆಗಳನ್ನು ನೋಡಿ. ಕಾಕಾನ ಮಕ್ಕಳು, ದೊಡ್ಡಪ್ಪನ ಮಕ್ಕಳು ಒಂದೇ ಅಂಗಳದಲ್ಲಿ ಬೆಳೆಯುತ್ತಾರೆ, ಅವರು ಅಣ್ಣ-ತಂಗಿ. ಸೋದರತ್ತೆ ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತಾಳೆ, ಸೋದರಮಾವ ಇರುವುದು ಅವ್ವನ ತವರಿನಲ್ಲಿ. ಅವರ ಮಕ್ಕಳು ಕಾಣುವುದು ಸೂಟಿಯಲ್ಲಿ, ಜಾತ್ರೆಯಲ್ಲಿ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಇದು ಗೊತ್ತು. ಬಾಗಿಲ ಚೌಕಟ್ಟು ಕೊಳ್ಳಬೇಕು, ರಾತ್ರಿ ಕಂಪನಿ ನಾಟಕ ನೋಡಬೇಕು. ನಡುವೆ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿ, ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಹಂಚುವಾಗ ಅತ್ತಿ ಮೆಲ್ಲಗೆ ಕೇಳುತ್ತಾಳೆ: "ನಿನ್ನ ಮಗಳ ಡಿಗ್ರಿ ಈ ವರ್ಷ ಮುಗೀತೈತೇನವಾ?" ಪೂರ್ತಿ ಅಪರಿಚಿತರೂ ಅಲ್ಲ, ಒಂದೇ ತೊಟ್ಟಿಲಲ್ಲಿ ಬೆಳೆದವರೂ ಅಲ್ಲ. ವೆಸ್ಟರ್‌ಮಾರ್ಕ್ ಹೇಳಿದ ಮಿತಿಗೆ ಇದು ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ.

ಮನಸ್ಸಿಗೆ ಹೊಂದಿದ್ದು ದೇಹಕ್ಕೂ ಹೊಂದಬೇಕಲ್ಲ. ಇಲ್ಲಿ ನನಗೆ ನಿಜವಾಗಿ ಕಳವಳ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ಸುಮಾರು ಕಾಲು ಭಾಗ ಸಂಬಂಧದಲ್ಲೇ ಆಗಿವೆ. ಅತ್ತೆ-ಮಾವಂದಿರ ಮಕ್ಕಳ ನಡುವೆ ಎಂಟರಲ್ಲಿ ಒಂದು ಪಾಲು ಜೀನ್‌ಗಳು ಒಂದೇ ಅಜ್ಜ-ಅಜ್ಜಿಯಿಂದ ಬಂದಿರುತ್ತವೆ. ಸೋದರಮಾವ ಮತ್ತು ಅಕ್ಕನ ಮಗಳಾದರೆ ನಾಲ್ಕರಲ್ಲಿ ಒಂದು. ಅಡಗಿ ಕೂತ ದೋಷದ ಜೀನ್ ಇಬ್ಬರಲ್ಲೂ ಇದ್ದರೆ, ಅದು ಎರಡೂ ಕಡೆಯಿಂದ ಮಗುವಿಗೆ ಹೋಗಿ ಕಾಯಿಲೆಯಾಗಬಹುದು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಹುಟ್ಟಿದ ಮಕ್ಕಳ ಮೇಲಿನ 2013ರ ಅಧ್ಯಯನದಲ್ಲಿ, ಹುಟ್ಟಿನಿಂದ ಬರುವ ದೋಷದ ಪ್ರಮಾಣ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಶೇ. 3ರಿಂದ ಶೇ. 6ಕ್ಕೆ ಏರಿತ್ತು. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ನಿಜ. ಆದರೆ ಮನೆತನದಲ್ಲಿ ಕಿವುಡು, ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ, ಕೂಸು ಉಳಿಯದೇ ಹೋದ ಇತಿಹಾಸ ಇದ್ದರೆ ಕುಂಕುಮ ಹಚ್ಚುವ ಮೊದಲೇ ವೈದ್ಯರ ಹತ್ತಿರ ಹೋಗಿ, ದಯವಿಟ್ಟು. ಗುಣ ಕೂಡಿಸೋಕೆ ಕುಂಡಲಿ ಒಯ್ಯುವವರಿಗೆ ಇದು ದೊಡ್ಡ ಕೆಲಸವೇನಲ್ಲ.

ಈಗ ಭೇಟಿಯ ಜಾಗವೇ ಬದಲಾಗುತ್ತಿದೆ. ಅಮೆರಿಕದಲ್ಲಿ 2017ರಲ್ಲಿ ಪರಿಚಯವಾದ ಗಂಡು-ಹೆಣ್ಣಿನ ಜೋಡಿಗಳಲ್ಲಿ ಶೇ. 39ರಷ್ಟು ಮೊದಲು ಸಿಕ್ಕಿದ್ದು ಆನ್‌ಲೈನ್‌ನಲ್ಲಿ. ನಮ್ಮಲ್ಲಿ ಬಯೋಡಾಟಾ ವಾಟ್ಸಾಪ್‌ನಲ್ಲಿ ಬರುತ್ತದೆ, ವಿಜಯಪುರದ್ದು, ಬೆಳಗಾವಿಯದ್ದು, ಪುಣೆಯದ್ದು. ಫೋಟೋ ನೋಡುತ್ತಾರೆ, ಪಗಾರ ನೋಡುತ್ತಾರೆ, ಆಮೇಲೆ ಹುಡುಗಿಯ ಅವ್ವ ಕೇಳುವುದು ಊರು ಎಷ್ಟು ದೂರ ಅಂತ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಯೊಳಗೆ ಮಗಳ ಮನೆ ಮುಟ್ಟಬೇಕು. ಅದರಾಚೆಯ ಬಯೋಡಾಟಾಗಳನ್ನು ಆಕೆ ಅವತ್ತೇ ಬದಿಗೆ ಸರಿಸುತ್ತಾಳೆ.