ಡೆನ್ಮಾರ್ಕ್ ಬೀಚಿನ ಬಂಕರ್‌ಗಳನ್ನ ನೀರಲ್ಲಿ ಕಟ್ಟಿದ್ರಾ?

ಅಟ್ಲಾಂಟಿಕ್ ವಾಲ್, ಅಂದ್ರೆ ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಯುರೋಪಿನ ಪಶ್ಚಿಮ ಕರಾವಳಿ ಉದ್ದಕ್ಕೂ ಕಟ್ಟಿದ ರಕ್ಷಣಾ ಸಾಲು, ಅದರ ಬಗ್ಗೆ ಓದ್ತಾ ಇರೋರಿಗೆ ಈ ನೋಟ್ಸ್. ಡೆನ್ಮಾರ್ಕಿನ ಪಶ್ಚಿಮ ಕರಾವಳಿ ಫೋಟೋಗಳಲ್ಲಿ ದೊಡ್ಡ ದೊಡ್ಡ ಕಾಂಕ್ರೀಟ್ ಬಂಕರ್‌ಗಳು ಸೊಟ್ಟಗೆ ವಾಲ್ಕೊಂಡು ಅಲೆಗೆ ಸಿಕ್ಕಿ ನಿಂತಿರ್ತಾವೆ, ನಾನೂ ಮೊದಲು ಶತ್ರು ಹತ್ತಿ ಬರೋ ದಾರೀಲೇ ಅಡ್ಡ ಕಟ್ಟಿದ್ರು ಅನ್ಕೊಂಡು ಹಂಗೇ ಬರ್ಕೊಂಡಿದ್ದೆ. ತಪ್ಪು. ಕಟ್ಟಿದ್ದು ದಡದ ಹಿಂದಿನ ಮರಳುದಿಬ್ಬಗಳಲ್ಲಿ, ಆಮೇಲೆ ಸಮುದ್ರ ಆ ದಿಬ್ಬಾನೇ ತಿಂದ್ಕೊಂಡು ಬಂತು. ನಮ್ಮ ಉಳ್ಳಾಲದ ಕಡೆ ಕಡಲ್ಕೊರೆತ ಅಂತಾರಲ್ಲ, ಅದೇ.

ಹಿನ್ನೆಲೆ ಬೇಗ ಹೇಳ್ತೀನಿ: ಡೆನ್ಮಾರ್ಕ್ 1940ರ ಏಪ್ರಿಲ್‌ನಲ್ಲೇ ಜರ್ಮನಿ ಕೈಗೆ ಹೋಗಿತ್ತು, 1942ರ ಮಾರ್ಚ್‌ನಲ್ಲಿ ಹಿಟ್ಲರ್ ಕರಾವಳಿ ಭದ್ರ ಮಾಡಿ ಅಂತ ಆದೇಶ ಕೊಟ್ಟ, ನಾರ್ವೆಯಿಂದ ಫ್ರಾನ್ಸಿನ ಸ್ಪೇನ್ ಗಡಿವರೆಗೂ ಕೆಲಸ ಶುರು. ಡೆನ್ಮಾರ್ಕಲ್ಲಿ ಕೂಲಿ ತಗೊಂಡು ಕಟ್ಟಿದವ್ರಲ್ಲಿ ಸ್ಥಳೀಯ ಕಂಟ್ರಾಕ್ಟರು, ಕೆಲಸಗಾರರೇ ಬಹಳ ಜನ, ಇದನ್ನ ಎಷ್ಟೋ ಕಡೆ ನುಂಗಿಬಿಡ್ತಾರೆ.

ಹಾಗಾದ್ರೆ ನೀರಲ್ಲಿ ಏನೂ ಇರ್ಲಿಲ್ವಾ? ಇತ್ತು, ಕನ್ಫ್ಯೂಸ್ ಆಗೋದೇ ಇಲ್ಲಿ. ಶತ್ರೂನ ನೀರಿನ ಅಂಚಲ್ಲೇ ತಡೀಬೇಕು ಅನ್ನೋದು ಜರ್ಮನ್ ಸೇನಾಧಿಕಾರಿ ರೋಮೆಲ್ ವಾದ, ಅದಕ್ಕೆ ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಉಬ್ಬರದಲ್ಲಿ ಮುಳುಗೋ ಮರಳಲ್ಲಿ ಮರದ ಕಂಬ, ಕಬ್ಬಿಣದ ಅಡ್ಡಗಂಬಿ, ಮೈನ್ ಎಲ್ಲಾ ನೆಡಿಸಿದ. ಅವು ಕಣ್ಣಿಗೆ ಕಾಣ್ಲಿ ಅಂತಾನೇ 1944ರ ಜೂನ್ 6ಕ್ಕೆ ಮಿತ್ರಪಡೆ ಇಳಿತದ ಹೊತ್ತು ಹಿಡಿದು ಇಳೀತು. ಬಂಕರ್ ಬೇರೆ, ಈ ಅಡ್ಡಿಗಳು ಬೇರೆ.

ಇನ್ನು ವಾಲಿದ್ರೂ ಯಾಕೆ ಒಡೆಯಲ್ಲ? ಸಾಮಾನ್ಯ ಬಂಕರಿನ ಗೋಡೆ, ಚಾವಣಿ ಎರಡೂ ಸುಮಾರು 2 ಮೀಟರ್ ದಪ್ಪ, ಒಳಗೆ ಕಬ್ಬಿಣದ ಸರಳು, ಇಡೀದು ಒಂದೇ ಬಂಡೆ ಇದ್ದಂಗೆ. ಕೆಳಗಿನ ಮರಳು ಕೊಚ್ಚಿಹೋದ್ರೆ ಪೂರ್ತಿ ಪೆಟ್ಟಿಗೇನೇ ಮಗುಚುತ್ತೆ. 2008ರಲ್ಲಿ ಡೆನ್ಮಾರ್ಕಿನ ಪಶ್ಚಿಮ ಕರಾವಳಿಯ ಹೌವಿಗ್ ಹತ್ರ ಬಿರುಗಾಳಿ ದಿಬ್ಬ ಕೊರೆದಾಗ ಮುಚ್ಚಿಹೋಗಿದ್ದ ಬಂಕರ್‌ಗಳು ಹೊರಗೆ ಬಂದ್ವು, ಒಳಗೆ ಸೈನಿಕರ ಸಾಮಾನು ಹಂಗೇ ಇತ್ತು, ಅಷ್ಟು ವರ್ಷ ಕಾಪಾಡಿದ್ದು ಮರಳೇ.

ಕೊರೆತಕ್ಕೆ ಇನ್ನೊಂದು ಸಾಕ್ಷಿ ಬೇಕಾ, ಅದೇ ಕರಾವಳೀಲಿ 1900ರಲ್ಲಿ ಸಮುದ್ರದಿಂದ ಸುಮಾರು 200 ಮೀಟರ್ ದೂರ ಕಟ್ಟಿದ್ದ ರುಬ್ಯೆರ್ ಕ್ನೂದ್ ದೀಪಸ್ತಂಭಾನ 2019ರಲ್ಲಿ ಹಳಿ ಮೇಲಿಟ್ಟು 70 ಮೀಟರ್ ಹಿಂದಕ್ಕೆ ಎಳೆದ್ರು. ಬಂಕರ್‌ಗೆ ಆ ಭಾಗ್ಯ ಇಲ್ಲ.