ಹಕ್ಕಿನ ಮಾತಿನಿಂದ ಪ್ರೀತಿಯ ಮಾತಿಗೆ: ಅಮೆರಿಕದ ಸಲಿಂಗ ವಿವಾಹ ಅಭಿಯಾನ ಬದಲಾದ ಬಗೆ

1996ರ ಗ್ಯಾಲಪ್ ಸಮೀಕ್ಷೆಯಲ್ಲಿ ಸಲಿಂಗ ವಿವಾಹಕ್ಕೆ ಕಾನೂನಿನ ಮನ್ನಣೆ ಸಿಗಲಿ ಎಂದ ಅಮೆರಿಕನ್ನರು ಶೇ 27. 2015ರಲ್ಲಿ ಶೇ 60. ಇಷ್ಟು ಬೇಗ ಜನರ ಮನಸ್ಸು ತಿರುಗುವುದು ಅಪರೂಪ. ಆದರೆ ಅದು ತಾನಾಗೇ ತಿರುಗಲಿಲ್ಲ.

2008ರ ಕ್ಯಾಲಿಫೋರ್ನಿಯಾ ಸೋಲು ಬೆಂಬಲಿಗರನ್ನು ತುಂಬಾ ನೋಯಿಸಿತು. ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೊಟ್ಟ ಮದುವೆಯ ಹಕ್ಕನ್ನು ನವೆಂಬರ್‌ನಲ್ಲಿ ಮತದಾರರು ಕಿತ್ತುಕೊಂಡರು. ಸಲಿಂಗ ವಿವಾಹ ನಿಷೇಧಿಸುವ 'ಪ್ರಪೊಸಿಷನ್ 8' ಎಂಬ ಪ್ರಸ್ತಾವದ ಪರ ಶೇ 52 ಮತ ಬಿತ್ತು. ನಿಷೇಧ ಬೇಕೆಂದವರ ಒಂದು ಟಿವಿ ಜಾಹೀರಾತಿನಲ್ಲಿ ಪುಟ್ಟ ಹುಡುಗಿ ಶಾಲೆಯಿಂದ ಓಡಿ ಬರುತ್ತಾಳೆ. ರಾಜಕುಮಾರ ಇನ್ನೊಬ್ಬ ರಾಜಕುಮಾರನನ್ನೇ ಮದುವೆಯಾದನಂತೆ, ನಾನೂ ರಾಜಕುಮಾರಿಯನ್ನು ಮದುವೆಯಾಗಬಹುದು ಎಂದು ಅಮ್ಮನಿಗೆ ಹೇಳುತ್ತಾಳೆ. ಹೆತ್ತವರಲ್ಲಿ ಅಳುಕು ಹುಟ್ಟಿಸಲು ಅಷ್ಟು ಸಾಕಿತ್ತು. ಇತ್ತ ಬೆಂಬಲಿಗರ ಜಾಹೀರಾತುಗಳು ಹಕ್ಕು, ತಾರತಮ್ಯ ಎನ್ನುತ್ತಿದ್ದವು. ಮದುವೆಯಾಗಬೇಕಾದ ಜೋಡಿಗಳೇ ಅವುಗಳಲ್ಲಿ ಕಾಣುತ್ತಿದ್ದುದು ಕಡಿಮೆ! ಮರುವರ್ಷ ಮೇಯ್ನ್ ರಾಜ್ಯದಲ್ಲೂ ಸೋಲು.

ಆಗ 'ಫ್ರೀಡಂ ಟು ಮ್ಯಾರಿ'ಯಂಥ ಸಂಘಟನೆಗಳು ಎರಡೂ ಕಡೆ ವಾಲದ ಮತದಾರರ ಮಾತಿಗೆ ಕಿವಿಗೊಟ್ಟವು. ನೀವು ಯಾಕೆ ಮದುವೆಯಾದಿರಿ ಎಂದರೆ ಬರುತ್ತಿದ್ದ ಉತ್ತರ ಪ್ರೀತಿ, ಬಾಳಿನುದ್ದಕ್ಕೂ ಜೊತೆಗಿರುವ ಮಾತು. ಸಲಿಂಗಿಗಳಿಗೆ ಮದುವೆ ಯಾಕೆ ಬೇಕು ಎಂದರೆ ಹಲವರ ಉತ್ತರ, ಹಕ್ಕು ಮತ್ತು ಸವಲತ್ತು. ಅವರಿಗೆ ಹಾಗನ್ನಿಸಲು ಅಭಿಯಾನದ ಮಾತೇ ಒಂದು ಕಾರಣ ಅಲ್ವಾ? ವಾದ ನ್ಯಾಯವಾಗಿಯೇ ಇತ್ತು. ಆದರೆ ಅದು ಕೇಳುವವರ ಮದುವೆಗೂ ಈ ಮದುವೆಗೂ ನಂಟು ಕಲ್ಪಿಸಲಿಲ್ಲ.

ಹಾಗಾಗಿ ಮಾತಿನ ಜೊತೆ ಮಾತಾಡುವವರೂ ಬದಲಾದರು. ಅಜ್ಜ-ಅಜ್ಜಿ, ಅಪ್ಪ-ಅಮ್ಮ ತೆರೆಗೆ ಬಂದರು. ಮೊದಲು ಒಪ್ಪದೆ ಆಮೇಲೆ ಮನಸ್ಸು ಬದಲಿಸಿಕೊಂಡವರ ಮಾತಿಗೆ ಹೆಚ್ಚು ಬೆಲೆ ಬಂತು. ಹಿಂಜರಿಯುವವರನ್ನು ಬೈಯದೆ, ನಿಮ್ಮಂತೆ ನಮಗೂ ಗೊಂದಲವಿತ್ತು ಎಂದರು. 2012ರ ಮೇ ತಿಂಗಳಲ್ಲಿ ಬರಾಕ್ ಒಬಾಮ ಕೂಡ ತಮ್ಮ ನಿಲುವು ಬದಲಾದ ಬಗೆ ವಿವರಿಸುವಾಗ, ಮಗಳಂದಿರ ಗೆಳೆಯರ ಸಲಿಂಗಿ ಹೆತ್ತವರ ಉದಾಹರಣೆ ಕೊಟ್ಟರು. ಮಿನ್ನೆಸೋಟದಲ್ಲಿ ಸ್ವಯಂಸೇವಕರು ಫೋನಿನಲ್ಲಿ, ಮನೆಬಾಗಿಲಲ್ಲಿ ಮದುವೆ ಎಂದರೆ ನಿಮಗೇನು ಎಂದು ಜನರನ್ನು ಮಾತಿಗೆಳೆದರು.

ಆ ನವೆಂಬರ್‌ನಲ್ಲಿ ಮೇಯ್ನ್, ಮೇರಿಲ್ಯಾಂಡ್, ವಾಷಿಂಗ್ಟನ್ ರಾಜ್ಯಗಳಲ್ಲಿ ಗೆಲುವು. ಮಿನ್ನೆಸೋಟದಲ್ಲಿ ನಿಷೇಧದ ಪ್ರಸ್ತಾವ ಬಿದ್ದುಹೋಯಿತು. 2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್‌ನ 5–4ರ ತೀರ್ಪಿನಿಂದ ಇಡೀ ದೇಶಕ್ಕೆ ಈ ಹಕ್ಕು ಸಿಕ್ಕಿತು.

ಇದೆಲ್ಲ ಸಂದೇಶದ ಜಾಣತನದಿಂದಲೇ ಆಯಿತೆಂದು ನಾನು ಹೇಳಲಾರೆ. ಮನೆಯವರೆದುರು ನಿಂತು ನಾನು ಸಲಿಂಗಿ ಎಂದು ಹೇಳಿಕೊಂಡ ಲಕ್ಷಾಂತರ ಜನರ ಧೈರ್ಯ ಅದಕ್ಕಿಂತ ದೊಡ್ಡದು. ಅವರನ್ನು ಬಲ್ಲ ಮತದಾರರಿಗೆ ಹೊಸ ಜಾಹೀರಾತಿನಲ್ಲಿ ಕಂಡದ್ದು ತಮ್ಮದೇ ಮಗ, ತಂಗಿ, ಪಕ್ಕದ ಮನೆಯವರು.