ಕೈಕಟ್ಟಿ ನಿಂತರೆ ವಿನಯವೋ ದರ್ಪವೋ? ರೋಲ್‌ಪ್ಲೇ ಪಾತ್ರದ ದೇಹಭಾಷೆ

ಆನ್‌ಲೈನ್ ಆಟದೊಳಗೆ ಒಂದು ಪಾತ್ರವಾಗಿಯೇ ಮಾತಾಡಿ ನಡೆದುಕೊಳ್ಳುವುದು ರೋಲ್‌ಪ್ಲೇ. ಅಲ್ಲಿ ಊರ ಗೌಡರ ಮುಂದೆ ನಿಂತ ಆಳಿನ ಪಾತ್ರ ನಿಮ್ಮದು ಅಂದುಕೊಳ್ಳಿ. ವಿನಯ ತೋರಿಸಬೇಕು ಅಂತ ಎಮೋಟ್, ಅಂದರೆ ಪಾತ್ರದ ಹಾವಭಾವಗಳ, ಪಟ್ಟಿ ತೆರೆದು ಕೈಕಟ್ಟುವ ಎಮೋಟ್ ಒತ್ತುತ್ತೀರಿ. ಪಾತ್ರ ಕಾಲು ಅಗಲಿಸಿ, ಎದೆ ಸೆಟೆಸಿ, ಎರಡೂ ತೋಳು ಬಿಗಿದು ನಿಲ್ಲುತ್ತದೆ. ಎದುರಿನವನಿಗೆ ಕಾಣುವುದು ಪಬ್ಬಿನ ಬಾಗಿಲು ಕಾಯುವ ಬೌನ್ಸರ್. ‘ಕೈಕಟ್ಟಿ ಕೂತ್ಕೋ’ ಅಂತ ಮೇಷ್ಟ್ರು ಹೇಳಿದ್ದನ್ನು ಕೇಳಿ ಬೆಳೆದವರಿಗೆ ಕೈಕಟ್ಟುವುದೆಂದರೆ ಶಿಸ್ತು, ವಿಧೇಯತೆ. ಆಟದ ಚಲನೆಗಳನ್ನು ಮಾಡಿದವರ ಊರಿನಲ್ಲಿ ಅದೇ ಭಂಗಿಗೆ ಅಸಹನೆ, ಅಪನಂಬಿಕೆ ಎಂಬ ಅರ್ಥವಿದೆ.

ಕನ್ನಡ ಮಾತಾಡುತ್ತಾ ಜಿಟಿಎ 5 ಆಟವನ್ನು ಫೈವ್‌ಎಂ ಎಂಬ ತಂತ್ರಾಂಶದ ಮೂಲಕ ಆಟಗಾರರೇ ನಡೆಸುವ ಸರ್ವರಿನಲ್ಲಿ ಆಡುವವರಿಗೆ ಈ ತೊಂದರೆ ಮತ್ತೆ ಮತ್ತೆ ಎದುರಾಗುತ್ತದೆ. ಆ ಆಟದ ಲಾಸ್ ಸ್ಯಾಂಟೋಸ್ ನಗರ ಲಾಸ್ ಏಂಜಲೀಸ್ ಮಾದರಿಯದು. ಅಲ್ಲಿನ ದಾರಿಹೋಕರು, ಪೊಲೀಸರು, ರೌಡಿಗಳಿಗಾಗಿ ಮಾಡಿಟ್ಟ ಚಲನೆಗಳನ್ನೇ ಎಮೋಟ್ ಮೆನು ನಮ್ಮ ಕೈಗೆ ಕೊಡುತ್ತದೆ. ಭುಜ ಹಾರಿಸುವುದು ಸಿಗುತ್ತದೆ, ಸೆಲ್ಯೂಟ್ ಸಿಗುತ್ತದೆ. ಒಪ್ಪಿಗೆಗೆ ತಲೆಯನ್ನು ಅಡ್ಡಡ್ಡ ತೂಗುವುದು, ಜಗಳಕ್ಕೆ ಮುಂಚೆ ಪಂಚೆ ಎತ್ತಿ ಕಟ್ಟುವುದು, ಹೊಸ್ತಿಲಾಚೆ ಚಪ್ಪಲಿ ಬಿಡುವುದು ಸಿಗುವುದಿಲ್ಲ. ಅವನ್ನು ಬರೆದೇ ತೋರಿಸಬೇಕು. ಆಳಿನ ಪಾತ್ರಕ್ಕೆ ಕೈಕಟ್ಟುವ ಎಮೋಟ್ ಬಿಡಿ. ಮೆನುವಿನಲ್ಲಿ ಎರಡೂ ಕೈ ಹೊಟ್ಟೆಯ ಮುಂದೆ ಜೋಡಿಸುವ ಭಂಗಿ ಇದ್ದರೆ ಅದನ್ನು ಹಿಡಿಯಿರಿ, ಇಲ್ಲವಾದರೆ ಬರಿದೇ ನಿಂತು ಚಾಟಿನಲ್ಲಿ ಒಂದು ಸಾಲು ಬರೆಯಿರಿ: ‘ಮಾದಯ್ಯ ಹೆಗಲ ಮೇಲಿನ ಟವೆಲನ್ನು ಕಂಕುಳಿಗೆ ಇರುಕಿಕೊಂಡು ತಲೆ ತಗ್ಗಿಸುತ್ತಾನೆ.’ ಬಾಗುವ ಎಮೋಟನ್ನು ಹತ್ತು ಸಲ ಒತ್ತಿದರೂ ಇಷ್ಟು ಕೆಲಸ ಆಗದು.

ಎಮೋಟ್ ಎಂಬುದು ನಿಮ್ಮ ಪಾತ್ರಕ್ಕೆ ತೊಡಿಸುವ ಒಡವೆ ಅನ್ನುವ ತಿಳಿವಳಿಕೆಯಿಂದಲೇ ಮುಕ್ಕಾಲು ಪಾಲು ತಪ್ಪುಗಳು ಹುಟ್ಟುತ್ತವೆ. ಅದು ಎದುರಿನ ಆಟಗಾರನ ಕೈಗೆ ಹಾಕುವ ಚೆಂಡು. ಅವನು ಹಿಡಿಯುವಂತಿರಬೇಕು, ಹಿಡಿದು ತಿರುಗಿ ಎಸೆಯುವಂತಿರಬೇಕು. ಕಣ್ಣಿಗೆ ಕಾಣದ್ದನ್ನು, ಕಿವಿಗೆ ಕೇಳದ್ದನ್ನು ಅವನು ಹಿಡಿಯಲಾರ.

‘ಮಾದಯ್ಯ ಇವನೆಂಥ ಮೋಸಗಾರ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಾನೆ’ ಎಂಬ ಸಾಲನ್ನು ನೋಡಿ. ಎದುರಿನ ಪಾತ್ರಕ್ಕೆ ಇದು ಗೊತ್ತಾಗುವ ದಾರಿಯೇ ಇಲ್ಲ. ಆಟಗಾರ ಒಳ್ಳೆಯವನಾದರೆ ಓದಿಯೂ ಓದದಂತೆ ಸುಮ್ಮನಿರಬೇಕು. ಸಿಟ್ಟಿನವನಾದರೆ ಮರುಮಾತಿನಲ್ಲೇ ಜಗಳ ತೆಗೆಯುತ್ತಾನೆ, ಅದು ಮೆಟಾಗೇಮಿಂಗ್, ಅಂದರೆ ಪಾತ್ರಕ್ಕೆ ಗೊತ್ತಿಲ್ಲದ್ದನ್ನು ಆಟಗಾರ ಬಳಸಿಕೊಳ್ಳುವುದು, ಆಗುತ್ತದೆ. ಸಾಲನ್ನು ಹೀಗೆ ತಿರುಗಿಸಿ: ‘ಮಾದಯ್ಯ ಎಣಿಸಿದ ನೋಟನ್ನು ಮತ್ತೆ ಮೊದಲಿಂದ ಎಣಿಸುತ್ತಾನೆ, ಈ ಸಲ ನಿಧಾನವಾಗಿ.’ ಅಪನಂಬಿಕೆ ಪೂರ್ತಿ ಬಂತು. ಎದುರಿನವನು ‘ಯಾಕಣ್ಣಾ, ಲೆಕ್ಕ ಸರಿ ಇಲ್ವಾ?’ ಅಂತ ಕೇಳಬಹುದು, ಬೆವರಬಹುದು, ಎದ್ದು ಹೋಗಬಹುದು. ಒಂದು ಸಾಲಿಗೆ ಮೂರು ದಾರಿ ತೆರೆಯಿತು.

ಬರೆಯುವ ಎಮೋಟ್ ಹಳೆಯದು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಷಾ ಶುರುಮಾಡಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮಡ್ ಆಟದಲ್ಲಿ ಚಿತ್ರವೇ ಇರಲಿಲ್ಲ, ಎಲ್ಲವೂ ಬರಹ. ಅಂಥ ಆಟಗಳಲ್ಲೂ 1988ರಲ್ಲಿ ಹುಟ್ಟಿದ ಐಆರ್‌ಸಿ ಹರಟೆಯಲ್ಲೂ ಬೆಳೆದ ಅಭ್ಯಾಸವೇ ಇಂದಿನ ‘ಮೀ’ ಕಮಾಂಡ್: ಸ್ಲ್ಯಾಶ್ ಒತ್ತಿ ಮೀ ಅಂತ ಬರೆದರೆ ಮುಂದಿನ ಮಾತು ಪಾತ್ರದ ಹೆಸರಿನೊಂದಿಗೆ ಕ್ರಿಯೆಯಾಗಿ ಕಾಣುತ್ತದೆ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಂಥ ಆಟಗಳಲ್ಲಿ ಮೈಯೂ ಇದೆ, ಬರಹವೂ ಇದೆ. ಎರಡನ್ನೂ ಹೊಂದಿಸುವುದೇ ನಿಜವಾದ ಕಸುಬು.

ಹೊಂದಿಕೆ ತಪ್ಪುವುದು ಹೆಚ್ಚಾಗಿ ಹೊತ್ತಿನಲ್ಲಿ. ಆಟಗಾರ ಮೊದಲು ಮಂಡಿಯೂರುವ ಎಮೋಟ್ ಒತ್ತಿ, ಆಮೇಲೆ ಇಪ್ಪತ್ತು ಸೆಕೆಂಡ್ ಟೈಪ್ ಮಾಡುತ್ತಾನೆ. ಸಾಲು ಬರುವ ಹೊತ್ತಿಗೆ ಆ ಚಲನೆ ಹಳಸಿರುತ್ತದೆ. ಸಾಲನ್ನು ಮೊದಲು ಪೂರ್ತಿ ಬರೆದು, ಎಂಟರ್ ಒತ್ತದೆ ಇಟ್ಟುಕೊಳ್ಳಿ. ಎಮೋಟನ್ನು ಪರದೆಯ ಮೇಲಿನ ಗುಂಡಿಸಾಲಿನಲ್ಲಿ (ಹಾಟ್‌ಬಾರ್) ಇಟ್ಟಿದ್ದರೆ ಮೌಸಿನಿಂದ ಅದನ್ನು ಒತ್ತಿ, ಕೂಡಲೇ ಎಂಟರ್ ಒತ್ತಿ. ಪದೇ ಪದೇ ಬೇಕಾಗುವುದಕ್ಕೆ ಹಲವು ಕಮಾಂಡುಗಳನ್ನು ಒಂದೇ ಗುಂಡಿಗೆ ಕಟ್ಟಿಡುವ ಮ್ಯಾಕ್ರೋ ಒಳ್ಳೆಯದು. ವಾರ್‌ಕ್ರಾಫ್ಟ್‌ನ ಒಂದು ಮ್ಯಾಕ್ರೋದಲ್ಲಿ 255 ಅಕ್ಷರ ಹಿಡಿಯುತ್ತದೆ. ಫೈನಲ್ ಫ್ಯಾಂಟಸಿ 14ರಲ್ಲಿ 15 ಸಾಲು ಸಿಗುತ್ತದೆ, ಸಾಲಿನ ಕೊನೆಗೆ ‘ವೇಟ್’ ಸೇರಿಸಿ ಇಂತಿಷ್ಟು ಸೆಕೆಂಡ್ ತಡೆಯಲೂ ಬರುತ್ತದೆ. ಅಲ್ಲಿ ನಂಬಬಹುದಾದ ಕ್ರಮ ಹೀಗೆ: ಮೊದಲ ಸಾಲಿನಲ್ಲಿ ಎದುರಿನವರ ಕಡೆ ತಿರುಗುವ ‘ಫೇಸ್‌ಟಾರ್ಗೆಟ್’, ಎರಡನೆಯದರಲ್ಲಿ ಮುಖಭಾವ, 2 ಸೆಕೆಂಡ್ ತಡೆ, ಆಮೇಲೆ ಕೈಯ ಚಲನೆ, ಕೊನೆಗೆ ಬರಹ. ಎಮೋಟಿನ ಹೆಸರು ಬರೆದ ಮೇಲೆ ‘ಮೋಷನ್’ ಎಂದು ಸೇರಿಸಿದರೆ ಆಟ ತಾನಾಗಿ ಹಾಕುವ ಸಿದ್ಧವಾಕ್ಯ ಚಾಟಿನಲ್ಲಿ ಬರುವುದಿಲ್ಲ, ಚಲನೆ ಮಾತ್ರ ಕಾಣುತ್ತದೆ. ಇದನ್ನು ಬಿಟ್ಟರೆ ನೀವು ಬರೆದ ಚಂದದ ಸಾಲಿನ ಮೇಲೆ ಆಟದ ಸಪ್ಪೆ ಸಾಲೊಂದು ಕೂತಿರುತ್ತದೆ.

ತಿರುಗುವುದನ್ನು ಮೊದಲು ಇಟ್ಟಿದ್ದಕ್ಕೆ ಕಾರಣವಿದೆ. ಗೋಡೆಯ ಕಡೆ ಮುಖ ಮಾಡಿ ‘ಗೌಡರಿಗೆ ಕೈಮುಗಿಯುತ್ತಾನೆ’ ಎಂದರೆ ಯಾರು ನಂಬುತ್ತಾರೆ? ನಮ್ಮ ಕ್ಯಾಮೆರಾ ಪಾತ್ರದ ಬೆನ್ನ ಹಿಂದೆ ಇರುವುದರಿಂದ ನಮ್ಮ ಮುಖ ಯಾವ ಕಡೆಗಿದೆ ಎಂಬುದು ನಮಗೇ ಕಾಣುವುದಿಲ್ಲ. ಒಂದು ದೃಶ್ಯಕ್ಕೆ ಒಮ್ಮೆಯಾದರೂ ಕ್ಯಾಮೆರಾ ಸುತ್ತ ತಿರುಗಿಸಿ ನೋಡಿಕೊಳ್ಳಿ.

ಚಿಕ್ಕ ವಿಷಯ ಒಂದು, ಬಹಳ ಜನ ಗಮನಿಸಿರುವುದಿಲ್ಲ. ವಾರ್‌ಕ್ರಾಫ್ಟ್‌ನಲ್ಲಿ ಸಾಮಾನ್ಯ ಮಾತಿನ ಸಾಲನ್ನು ಪ್ರಶ್ನಾರ್ಥಕ ಚಿಹ್ನೆಯಿಂದ ಮುಗಿಸಿದರೆ ಪಾತ್ರ ಕೇಳುವ ಹಾಗೆ ಕೈ ಆಡಿಸುತ್ತದೆ, ಆಶ್ಚರ್ಯಸೂಚಕ ಹಾಕಿದರೆ ಒತ್ತಿ ಹೇಳುವ ಹಾಗೆ. ಸಾವಿನ ಸುದ್ದಿಯನ್ನು ಮೆಲ್ಲಗೆ ಹೇಳುವಾಗ ಅಭ್ಯಾಸಬಲದಿಂದ ಆಶ್ಚರ್ಯಸೂಚಕ ಹಾಕಿದಿರೋ, ಪಾತ್ರ ಮೈಕ್ ಹಿಡಿದ ರಾಜಕಾರಣಿಯಂತೆ ಕೈ ಬೀಸುತ್ತದೆ. ಅದೇ ಆಟದಲ್ಲಿ ಎದುರು ಬಣದವರಿಗೆ ನೀವು ಸ್ವಂತವಾಗಿ ಬರೆದ ಎಮೋಟ್ ಓದಲು ಸಿಗುವುದಿಲ್ಲ, ಏನೋ ವಿಚಿತ್ರ ಸನ್ನೆ ಮಾಡಿದರು ಎಂದಷ್ಟೇ ಕಾಣುತ್ತದೆ. ಕೈಬೀಸುವುದು, ಬಾಗುವುದು ಮೊದಲಾದ ಸಿದ್ಧ ಎಮೋಟುಗಳು ದಾಟುತ್ತವೆ. ಶತ್ರುವಿನ ಜೊತೆ ಸಂಧಾನದ ದೃಶ್ಯವಿದ್ದರೆ ಬರಹವನ್ನು ನಂಬಬೇಡಿ. ಜೆಡ್ ಕೀ ಒತ್ತಿ ಆಯುಧ ಒಳಗಿಡಿ, ನಂಬರ್‌ಪ್ಯಾಡಿನ ಸ್ಲ್ಯಾಶ್ ಒತ್ತಿ ಓಟ ಬಿಟ್ಟು ನಡೆಯಿರಿ, ಎಕ್ಸ್ ಒತ್ತಿ ಕೂತುಬಿಡಿ. ಈ ಮೂರನ್ನು ನೋಡಿದವರಿಗೆ ಭಾಷೆ ಬೇಕಿಲ್ಲ.

ಈಗ ಕನ್ನಡದ ಸಾಲಿಗೆ ಬರೋಣ. ಹಲವು ಆಟಗಳ ಒಳಗಿನ ಫಾಂಟಿನಲ್ಲಿ ಕನ್ನಡ ಲಿಪಿ ಇಲ್ಲ, ಬರೆದರೆ ಬರೀ ಚೌಕ ಕಾಣುತ್ತದೆ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು ರೂಢಿ. ಲಿಪಿ ಮೂಡುವ ಕಡೆಯಲ್ಲೂ ಮಿತಿಯನ್ನು ಬೈಟಿನಲ್ಲಿ ಎಣಿಸಿದರೆ ನಮಗೆ ನಷ್ಟ. ಕಂಪ್ಯೂಟರ್ ಅಕ್ಷರಗಳನ್ನು ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕಾದರೆ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಕ್ಷ’ ಒಂದಕ್ಕೇ 9, ‘ಸ್ತ್ರೀ’ಗೆ 18. ಸಾಲು ನಡುವೆ ಕತ್ತರಿಸಿ ಹೋಗುವುದಕ್ಕೆ ಇದೇ ಕಾರಣ.

ಇನ್ನೊಂದು ತೊಡಕು ವ್ಯಾಕರಣದ್ದು. ಬಹಳಷ್ಟು ಆಟಗಳಲ್ಲಿ ಮೀ ಸಾಲು ಪಾತ್ರದ ಹೆಸರು ಮತ್ತು ಒಂದು ಖಾಲಿ ಜಾಗದಿಂದ ತಾನಾಗಿ ಶುರುವಾಗುತ್ತದೆ. ‘ಮಾದಯ್ಯನ ಕೈ ನಡುಗುತ್ತದೆ’ ಅಂತ ಬರೆಯಬೇಕೆಂದರೆ ‘ನ’ ಪ್ರತ್ಯಯ ಹೆಸರಿಗೆ ಅಂಟುವುದಿಲ್ಲ, ‘ಮಾದಯ್ಯ ನ ಕೈ’ ಎಂದು ಒಡೆದುಹೋಗುತ್ತದೆ. ಹೆಸರನ್ನು ಕರ್ತೃವಾಗಿಯೇ ಬಿಟ್ಟು ಕೆಲಸವನ್ನು ಅವನಿಂದಲೇ ಮಾಡಿಸಿ: ‘ಮಾದಯ್ಯ ನಡುಗುವ ಕೈಯನ್ನು ಬೆನ್ನ ಹಿಂದೆ ಅಡಗಿಸುತ್ತಾನೆ.’ ವ್ಯಾಕರಣದ ಕಟ್ಟು ಬಿಡಿಸಲು ಹೋಗಿ ಸಾಲೇ ಚೆನ್ನಾಯಿತು, ಯಾಕೆಂದರೆ ಈಗ ಅಡಗಿಸುವ ಯತ್ನವೂ ಕಾಣುತ್ತಿದೆ.

ಕಾಲ ವರ್ತಮಾನವೇ ಇರಲಿ. ‘ಬಾಗಿಲು ತೆಗೆದ’ ಎಂದರೆ ಆಗಿಹೋಯಿತು, ಯಾರೂ ತಡೆಯಲಾರರು. ‘ತೆಗೆಯುತ್ತಾನೆ’ ಎಂದರೆ ಇನ್ನೊಬ್ಬರು ಅಡ್ಡ ಬರಲು ಜಾಗವಿದೆ. ಎದುರಿನವರ ಮೈಮೇಲೆ ಹೋಗುವ ಕ್ರಿಯೆಗೆ ಇನ್ನೂ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು: ‘ಕತ್ತಿನ ಪಟ್ಟಿ ಹಿಡಿದು ಗೋಡೆಗೆ ಬಡಿಯುತ್ತಾನೆ’ ಎನ್ನುವುದು ಎದುರಿನವರ ಮೇಲೆ ಫಲವನ್ನು ಹೇರುವ ಪವರ್‌ಗೇಮಿಂಗ್, ‘ಕತ್ತಿನ ಪಟ್ಟಿ ಹಿಡಿಯಲು ಕೈ ಚಾಚುತ್ತಾನೆ’ ಎನ್ನುವುದು ಆಟ. ಸಿಕ್ಕಿತೋ ಇಲ್ಲವೋ ಎಂದು ಹೇಳುವ ಹಕ್ಕು ಅವರದು. ಅಪ್ಪುಗೆ, ಮುತ್ತು, ಹೆಗಲಿಗೆ ಹೊತ್ತುಕೊಳ್ಳುವುದು, ಇಂಥ ಜೋಡಿ ಎಮೋಟುಗಳಿಗೆ ಹಲವು ಸರ್ವರುಗಳು ಒಪ್ಪಿಗೆಯ ಗುಂಡಿ ಇಟ್ಟಿವೆ. ಇಲ್ಲದ ಕಡೆ ಖಾಸಗಿ ಸಂದೇಶದಲ್ಲಿ ಕೇಳಿ. ಪಾತ್ರದ ಹಿಂದೆ ಒಬ್ಬ ಮನುಷ್ಯ ಕೂತಿದ್ದಾರೆ, ಬೇಡದ ಅಪ್ಪುಗೆ ಅವರಿಗೂ ತಟ್ಟುತ್ತದೆ. ಈ ಒಂದು ವಿಷಯದಲ್ಲಿ ಸಡಿಲಿಕೆ ಕೂಡದು.

ಸ್ವಂತ ಪಾತ್ರಕ್ಕೆ ಬಹುವಚನ ಬಳಸಬೇಕೇ? ಬೇಡ ಅನ್ನುವುದೇ ಸರಿ. ನೀವೇ ಗೌಡರಾಗಿ ‘ಗೌಡರು ಕುರ್ಚಿಯಲ್ಲಿ ಕೂರುತ್ತಾರೆ’ ಎಂದು ಬರೆದುಕೊಂಡರೆ ಮರ್ಯಾದೆಯನ್ನು ಕೇಳಿ ಪಡೆದಂತಾಗುತ್ತದೆ. ನೀವು ಏಕವಚನದಲ್ಲಿ ಬರೆಯಿರಿ. ಮಾದಯ್ಯನ ಸಾಲು ‘ಗೌಡರ ಕಡೆ ನೋಡುತ್ತಾನೆ’ ಎಂದಾಗ ದೊಡ್ಡಸ್ತಿಕೆ ತಾನೇ ಬರುತ್ತದೆ.

ಕನ್ನಡದಲ್ಲಿ ಮೈಯ ಮಾತಿಗೆ ಬರವಿಲ್ಲ. ಹುಬ್ಬು ಗಂಟಿಕ್ಕುವುದು, ಮೂಗು ಮುರಿಯುವುದು, ಲೊಚಗುಟ್ಟುವುದು, ನೆಟಿಕೆ ಮುರಿಯುವುದು, ಕಾಲ್ಬೆರಳಿಂದ ನೆಲ ಕೆರೆಯುವುದು, ಒಂದೊಂದೂ ಬೇರೆ ಬೇರೆ ಮನಸ್ಸು. ತಟ್ಟನೆ, ಗಕ್ಕನೆ, ಸರಕ್ಕನೆ, ಮೆಲ್ಲಗೆ ಎಂಬ ಒಂದೇ ಪದ ವೇಗವನ್ನು ತಂದುಬಿಡುತ್ತದೆ. ಆದರೆ ಒಂದು ಸಾಲಿಗೆ ಎರಡು ಕ್ರಿಯೆ, ಹದಿನೈದು ಪದ, ಅಷ್ಟೇ ಇರಲಿ. ಆರು ಜನರ ದೃಶ್ಯದಲ್ಲಿ ಒಬ್ಬೊಬ್ಬರೂ ಅರ್ಧ ನಿಮಿಷ ತೆಗೆದುಕೊಂಡರೆ ನಿಮ್ಮ ಸರದಿ ಮತ್ತೆ ಬರುವುದು ಮೂರು ನಿಮಿಷಕ್ಕೆ. ಧ್ವನಿಯಲ್ಲಿ ಆಡುವ ಸರ್ವರಿನಲ್ಲಿ ಇನ್ನೂ ಕಡಿಮೆ ಬರೆಯಿರಿ: ಫೈವ್‌ಎಂನ ಹಲವು ಸರ್ವರುಗಳಲ್ಲಿ ಮೀ ಸಾಲು ತಲೆಯ ಮೇಲೆ ಕೆಲವೇ ಸೆಕೆಂಡ್ ತೇಲಿ ಮಾಯವಾಗುತ್ತದೆ, ಮಾತು ಕೇಳುತ್ತಿರುವವನು ಉದ್ದ ಸಾಲು ಓದಲಾರ.

ಪಾತ್ರಕ್ಕೆ ಎರಡೋ ಮೂರೋ ಚಾಳಿ ಕೊಡಿ. ಮೀಸೆ ತಿರುವುವುದು, ಕನ್ನಡಕ ಒರೆಸುವುದು, ಏನಾದರೂ. ನಾಲ್ಕೈದು ಸರದಿಗೆ ಒಮ್ಮೆ ಬಂದರೆ ಸಾಕು. ಚಾಳಿಯ ನಿಜವಾದ ಬೆಲೆ ಅದು ನಿಂತಾಗ ತಿಳಿಯುತ್ತದೆ. ವಾರಗಟ್ಟಲೆ ಮೀಸೆ ತಿರುವಿದವನು ಪೊಲೀಸರ ಮುಂದೆ ಕೈಯನ್ನು ತೊಡೆಯ ಮೇಲೆ ಒತ್ತಿಟ್ಟುಕೊಂಡರೆ, ಜೊತೆಗಾರರಿಗೆ ಏನೋ ಆಗಿದೆ ಎಂದು ಗೊತ್ತಾಗುತ್ತದೆ. ಸುಳ್ಳು ಹೇಳುವ ದೃಶ್ಯಕ್ಕೂ ಇದೇ ದಾರಿ. ಬಾಯಲ್ಲಿ ‘ಏನಿಲ್ಲ ಬಿಡಿ ಸಾರ್’, ಮೈಯಲ್ಲಿ ಒಂದೇ ಒಂದು ಸೋರಿಕೆ. ಬೆವರು, ತೊದಲು, ನಡುಕ ಮೂರನ್ನೂ ಒಟ್ಟಿಗೆ ಸುರಿದರೆ ಪತ್ತೆ ಹಚ್ಚಲು ಎದುರಿನವನಿಗೆ ಏನೂ ಉಳಿಯುವುದಿಲ್ಲ.

ನಿಲ್ಲುವ ದೂರವೂ ಮಾತೇ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ ತನ್ನ ನಾಡಿನವರ ಅಳತೆ ಕೊಟ್ಟಿದ್ದಾನೆ: ಸುಮಾರು 45 ಸೆಂಟಿಮೀಟರ್ ಒಳಗೆ ಆಪ್ತರು, 1.2 ಮೀಟರ್‌ವರೆಗೆ ಸ್ನೇಹಿತರು, 3.6 ಮೀಟರ್‌ವರೆಗೆ ವ್ಯವಹಾರದವರು. ಬಸ್ಸಿನಲ್ಲಿ ಮೈಗೆ ಮೈ ತಾಗಿಸಿ ನಿಲ್ಲುವ ನಮಗೆ ಈ ಅಳತೆ ಹಾಗೇ ಹೊಂದದು, ಕ್ರಮ ಮಾತ್ರ ಹೊಂದುತ್ತದೆ. ಆಟದಲ್ಲಿ ಮೈಯ ಅಗಲವನ್ನೇ ಅಳತೆಗೋಲು ಮಾಡಿ: ಪಿಸುಮಾತಿಗೆ ಒಂದು, ಗೆಳೆಯರಿಗೆ ಎರಡು, ಅಪರಿಚಿತರಿಗೆ ನಾಲ್ಕು. ನೇರ ಎದುರುಬದುರು ನಿಂತರೆ ಜಗಳದ ಕಳೆ ಬರುತ್ತದೆ. ಸ್ವಲ್ಪ ಓರೆಯಾಗಿ ನಿಂತರೆ ಹರಟೆಯ ಕಳೆ.

‘ಡೂ’ ಕಮಾಂಡ್ ಬಗ್ಗೆ ಗೊಂದಲ ಬಹಳ. ಮೀ ಎಂದರೆ ಪಾತ್ರ ಮಾಡುವುದು, ಡೂ ಎಂದರೆ ಸುತ್ತ ಇರುವುದು. ‘ಜೇಬಿನಲ್ಲಿ ಏನಾದರೂ ಉಬ್ಬಿದ ಹಾಗೆ ಕಾಣುತ್ತದೆಯಾ?’ ಎಂದು ಪೊಲೀಸ್ ಪಾತ್ರದವನು ಡೂ ಸಾಲಿನಲ್ಲಿ ಕೇಳಿದರೆ, ನಿಮ್ಮ ಪಾತ್ರ ಎಷ್ಟು ದೊಡ್ಡ ಕಳ್ಳನಾದರೂ ನೀವು ಸತ್ಯವನ್ನೇ ಬರೆಯಬೇಕು: ‘ಬಲಗಡೆ ಜೇಬು ಉಬ್ಬಿದೆ.’ ಪಾತ್ರ ಸುಳ್ಳು ಹೇಳಬಹುದು, ಡೂ ಹೇಳುವಂತಿಲ್ಲ.

ಗಾಯವಾದರೆ ಅದು ಮೈಯಲ್ಲಿ ಉಳಿಯಬೇಕು. ಫೈವ್‌ಎಂನ ಎಮೋಟ್ ಮೆನುಗಳಲ್ಲಿ ನಡಿಗೆಯ ಶೈಲಿ ಬದಲಿಸುವ ಪಟ್ಟಿ ಇರುತ್ತದೆ, ಅದರಲ್ಲಿ ಗಾಯಗೊಂಡವರ ನಡಿಗೆ ಹಾಕಿಕೊಳ್ಳಿ. ಕೆಲವು ಸರ್ವರುಗಳಲ್ಲಿ ಹೊರಹೋಗಿ ಮತ್ತೆ ಬಂದಾಗ ಅದು ತೆಗೆದುಹೋಗಿರುತ್ತದೆ, ಮತ್ತೆ ಹಾಕಬೇಕು. ಎಲ್ಲಕ್ಕಿಂತ ಹೆಚ್ಚಾಗಿ ತಪ್ಪುವುದು ಎಡ-ಬಲ. ನಿನ್ನೆ ಎಡಗೈಗೆ ಕಟ್ಟಿದ್ದ ಪಟ್ಟಿ ಇಂದು ಬಲಗೈಗೆ ಬಂದಿರುತ್ತದೆ, ಡಾಕ್ಟರ್ ಪಾತ್ರ ಆಡುವವರು ತಲೆ ಕೆರೆದುಕೊಳ್ಳುತ್ತಾರೆ. ಯಾವ ದಿನ, ಯಾವ ಕೈ, ಎಷ್ಟು ಆಳ ಎಂದು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿಕೊಳ್ಳಿ.